ಕೊನೆಯ ಕಂತಿನಲ್ಲಿ ಯಾರಿಗಾಗಿ ಅಳಬೇಕು?

2020ರ ದೀಪಾವಳಿಯ ಹೊತ್ತಿಗೆ ಮಕರಪುರದ ನಮ್ಮ ಸೊಸೈಟಿಯಲ್ಲಿ ಯಾರ ಮೊಬೈಲು ಕೂಗಿದರೂ ಒಂದೇ ಸಂಗೀತ ಕೇಳಿಬರುತ್ತಿತ್ತು. ಅದು 'ಸ್ಕ್ಯಾಮ್ 1992' ಧಾರಾವಾಹಿಯದು. ಆ ವರ್ಷದ ಅಕ್ಟೋಬರ್ 9ರಂದು ಸೋನಿ ಲಿವ್‌ನಲ್ಲಿ ಬಂದ ಈ ಹತ್ತು ಕಂತುಗಳ ಕಥೆಯನ್ನು ಗುಜರಾತಿನ ಜನ ತಮ್ಮ ಮನೆಯ ಕಥೆಯೆಂಬಂತೆ ನೋಡಿದರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಷೇರುಪೇಟೆಯ ದಲ್ಲಾಳಿ ಹರ್ಷದ್ ಮೆಹ್ತಾ ಹುಟ್ಟಿದ್ದು ರಾಜಕೋಟ್ ಜಿಲ್ಲೆಯ ಪಾನೇಲಿ ಮೋಟಿಯಲ್ಲಿ. ಆ ಪಾತ್ರ ವಹಿಸಿದ ಪ್ರತೀಕ್ ಗಾಂಧಿ ಸೂರತ್ತಿನವರು. ಸುಚೇತಾ ದಲಾಲ್ ಮತ್ತು ದೇಬಾಶಿಸ್ ಬಸು ಬರೆದ ಪುಸ್ತಕವನ್ನು ಆಧರಿಸಿ ಹನ್ಸಲ್ ಮೆಹ್ತಾ ಇದನ್ನು ನಿರ್ದೇಶಿಸಿದ್ದರು. ನೋಡದೆ ಉಳಿದವರು ಬಹುಶಃ ಕಡಿಮೆ. ಆದ್ದರಿಂದ ಕಥೆ ಹೇಳುವ ಗೋಜಿಗೆ ನಾವು ಹೋಗುವುದಿಲ್ಲ. ಕೊನೆಯ ಕಂತಿನ ವಿಚಾರ ಮಾತ್ರ ಎತ್ತುತ್ತೇವೆ.

ಆ ಕಂತನ್ನು ನಾವು ನೋಡಿದ್ದು ಪಕ್ಕದ ಮನೆಯ ಕಾಕಾ, ಕಾಕಿಯವರ ಜೊತೆ ಕೂತು. ಠಾಣೆಯ ಸೆರೆಮನೆಯಲ್ಲಿದ್ದಾಗ ಎದೆನೋವು ಬಂದು, 2001ರ ಡಿಸೆಂಬರ್ 31ರಂದು, ನಲವತ್ತೇಳನೆಯ ವಯಸ್ಸಿಗೇ ಆ ಮನುಷ್ಯ ತೀರಿಕೊಂಡರು ಎನ್ನುವಲ್ಲಿಗೆ ಮುಗಿದಾಗ ಯಾರೂ ಮಾತಾಡಲಿಲ್ಲ. ನಮ್ಮ ಮನೆಯವರು "ಪಾಪ" ಎಂದರು. ಕಾಕಾ ಕಣ್ಣೊರೆಸಿಕೊಂಡರು. ಮಗ ಮಾತ್ರ ಸಿಟ್ಟಿನಿಂದ, "ಎಲ್ಲರೂ ತಿಂದರು, ಸಿಕ್ಕಿಬಿದ್ದವನು ಇವನೊಬ್ಬ" ಎಂದ. ನಮ್ಮ ಗಂಟಲೂ ಕಟ್ಟಿತ್ತು, ಸುಳ್ಳು ಹೇಳುವುದೇಕೆ? ಮಾರನೆಯ ದಿನ ಕಚೇರಿಗೆ ಹೋಗುವ ದಾರಿಯಲ್ಲಿ ಒಂದು ಪ್ರಶ್ನೆ ತಲೆಗೆ ಹತ್ತಿತು. ನಿನ್ನೆ ರಾತ್ರಿ ನಾವು ಅತ್ತದ್ದು ಯಾರಿಗಾಗಿ? ಅದು ನ್ಯಾಯವಾಗಿತ್ತೇ?

ಮೊದಲು ಆ ಕಂತಿನ ಗುಣವನ್ನು ಹೇಳಿಬಿಡೋಣ. ಸಾಮಾನ್ಯವಾಗಿ ಅಪರಾಧದ ಧಾರಾವಾಹಿಗಳು ಬೇಡಿ ತೊಡಿಸುವಲ್ಲಿಗೆ ಮುಗಿಯುತ್ತವೆ. ನೋಡುವವನು ನೆಮ್ಮದಿಯಿಂದ ಊಟಕ್ಕೇಳುತ್ತಾನೆ. ಇಲ್ಲಿ ಆ ನೆಮ್ಮದಿ ಇಲ್ಲ. 1993ರ ಜೂನ್ 16ರಂದು ವಕೀಲ ರಾಮ್ ಜೇಠ್ಮಲಾನಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂದಿನ ಪ್ರಧಾನಿ ನರಸಿಂಹ ರಾಯರಿಗೆ ಸೂಟ್‌ಕೇಸಿನಲ್ಲಿ ಒಂದು ಕೋಟಿ ಕೊಟ್ಟೆನೆಂದು ಹರ್ಷದ್ ಪತ್ರಕರ್ತರ ಮುಂದೆ ಹೇಳಿದ ಸಂಗತಿ ಅಲ್ಲಿ ಬರುತ್ತದೆ. ರಾಯರು ಅದನ್ನು ಅಲ್ಲಗಳೆದರು, ಆರೋಪ ಸಾಬೀತಾಗಲೂ ಇಲ್ಲ. ಆದರೆ ಒಬ್ಬ ದಲ್ಲಾಳಿ ಒಬ್ಬನೇ ಇಷ್ಟೆಲ್ಲ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಉಳಿಯುತ್ತದೆ. ಈ ಪ್ರಶ್ನೆ ಸರಿಯಾದದ್ದೇ. ರಿಸರ್ವ್ ಬ್ಯಾಂಕಿನ ಜಾನಕಿರಾಮನ್ ಸಮಿತಿಯ ಲೆಕ್ಕದಲ್ಲಿ ಕೊರತೆ ಬಿದ್ದದ್ದು ನಾಲ್ಕು ಸಾವಿರ ಕೋಟಿಗೂ ಹೆಚ್ಚು. ಅಷ್ಟು ಹಣ ಒಂದೇ ಕೈಯಿಂದ ಜಾರುವುದಿಲ್ಲ.

ಕೆಟ್ಟವನ ಕೊನೆಗೆ ಮರುಗುವುದು ಕನ್ನಡಿಗರಾದ ನಮಗೆ ಹೊಸದೂ ಅಲ್ಲ. ಸಾವಿರ ವರ್ಷದ ಹಿಂದೆ ರನ್ನ 'ಗದಾಯುದ್ಧ'ದಲ್ಲಿ ಭೀಮನನ್ನು ಗೆಲ್ಲಿಸಿದ. ಆದರೆ ಓದಿದವರ ಮನಸ್ಸಿನಲ್ಲಿ ನಿಂತವನು ದುರ್ಯೋಧನ. ಬಿ.ಎಂ.ಶ್ರೀಯವರು ಅದನ್ನು ನಾಟಕವಾಗಿ ತಿರುಗಿಸಿದಾಗ ಅವನೇ ದುರಂತನಾಯಕನಾದ. ಹಾಗಾದರೆ ಹರ್ಷದನಿಗಾಗಿ ಅತ್ತರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ನಾವೂ ಕೇಳಿಕೊಂಡೆವು.

ಆದರೆ ರನ್ನ ಮಾಡಿದ ಒಂದು ಕೆಲಸವನ್ನು ಈ ಕೊನೆಯ ಕಂತು ಮಾಡಲಿಲ್ಲ. ರನ್ನನ ದುರ್ಯೋಧನ ಭೀಷ್ಮರನ್ನು ಕಾಣಲು ಹೊರಟಾಗ ರಣರಂಗದ ನಡುವೆಯೇ ನಡೆಯಬೇಕು. ಸಂಜಯ ಜೊತೆಗಿದ್ದಾನೆ. ದಾರಿಯಲ್ಲಿ ದ್ರೋಣರ ದೇಹ, ತಮ್ಮ ದುಶ್ಶಾಸನನ ದೇಹ, ಮಗ ಲಕ್ಷಣಕುಮಾರನ ದೇಹ, ಕರ್ಣನ ದೇಹ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು ಹೊಗಳುತ್ತಾನೆ ಕೂಡ. ಪ್ರತಿಯೊಂದು ಹೆಣವೂ ಅವನ ಛಲದ ಲೆಕ್ಕವನ್ನೇ ಓದಿದಂತಿದೆ. ಅದನ್ನೆಲ್ಲ ದಾಟಿಸಿದ ಮೇಲೆಯೇ ರನ್ನ ನಮ್ಮಿಂದ ಕಣ್ಣೀರು ಕೇಳುತ್ತಾನೆ. ಆ ಕಣ್ಣೀರಿನಲ್ಲಿ ಸತ್ತವರಿಗೂ ಪಾಲುಂಟು.

ಧಾರಾವಾಹಿಯ ಕೊನೆಯಲ್ಲಿ ಅಂಥ ನಡಿಗೆ ನಮಗೆ ಕಾಣಲಿಲ್ಲ. ಹರ್ಷದನ ಹೆಂಡತಿ ಮಕ್ಕಳು, ತಮ್ಮ, ಇವರ ಮುಖ ಕಾಣುತ್ತದೆ. ಕಳೆದುಕೊಂಡವರಿಗೆ ಸಿಕ್ಕಿದ ಜಾಗ ಬಹಳ ಚಿಕ್ಕದು. 1992ರ ಆ ಹಗರಣದ ದಿನಗಳಲ್ಲಿ ವಿಜಯಾ ಬ್ಯಾಂಕಿನ ಅಧ್ಯಕ್ಷರು ಪ್ರಾಣವನ್ನೇ ಕಳೆದುಕೊಂಡರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು ಅದು. ನಮ್ಮಲ್ಲಿ ಅನೇಕರು ಮೊದಲ ಪಾಸ್‌ಬುಕ್ಕು ಕಂಡದ್ದು ಅಲ್ಲೇ. (2019ರ ಏಪ್ರಿಲ್ 1ರಂದು ಅದು, ನಮ್ಮ ಈ ವಡೋದರಾದಲ್ಲೇ ಸಯಾಜಿರಾವ್ ಮಹಾರಾಜರು 1908ರಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಊರಿನ ಬ್ಯಾಂಕೇ ನಮ್ಮನ್ನು ಹುಡುಕಿಕೊಂಡು ಇಲ್ಲಿಗೆ ಬಂತೆಂದು ನಾವು ತಮಾಷೆ ಮಾಡುವುದುಂಟು.) ಬ್ಯಾಂಕ್ ಆಫ್ ಕರಾಡ್ ಎಂಬ ಸಣ್ಣ ಬ್ಯಾಂಕು ಬಾಗಿಲು ಹಾಕಿತು. ಅದರಲ್ಲಿ ದುಡ್ಡಿಟ್ಟಿದ್ದವರ ಮನೆಯಲ್ಲೂ ಹೆಂಡತಿ ಮಕ್ಕಳಿದ್ದರು.

ಇನ್ನು ನಮ್ಮ ಕಾಕಾ. ಎ.ಸಿ.ಸಿ. ಸಿಮೆಂಟಿನ ಷೇರು ಸುಮಾರು ಇನ್ನೂರರಿಂದ ಒಂಬತ್ತು ಸಾವಿರಕ್ಕೆ ಏರಿದ್ದನ್ನು ಕಂಡು, 1992ರಲ್ಲಿ ಅವರು ಕಾಕಿಯ ಬಳೆ ಒತ್ತೆಯಿಟ್ಟು ಯಾವುದೋ ಕಂಪನಿಯ ಷೇರು ಕೊಂಡಿದ್ದರಂತೆ. ಬಳೆ ಮರಳಿ ಬರಲಿಲ್ಲ. ಈ ಮಾತನ್ನು ಅವರು ನಗುತ್ತಲೇ ಹೇಳಿದರು, ಅದೂ 'ಹರ್ಷದ್‌ಭಾಯ್' ಎಂದು ಗೌರವದಿಂದ. ಕಳೆದುಕೊಂಡವನೇ ಅಳುತ್ತಿರುವಾಗ ಬೇಡವೆನ್ನಲು ನಾವು ಯಾರು? ಕ್ಷಮಿಸುವ ಹಕ್ಕು ಕಾಕಾ ಅವರದು, ಅದನ್ನು ಒಪ್ಪುತ್ತೇವೆ. ಆದರೆ ಕಾಕಿ ಅಂದು ಅಳಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

ಹರ್ಷದನ ಪರವಾಗಿ ಹೇಳುವ ಮಾತು ಎರಡೇ: ಎಲ್ಲರೂ ಮಾಡುತ್ತಿದ್ದರು; ಕಾಲ ಕೊಟ್ಟಿದ್ದರೆ ಹಣ ತುಂಬುತ್ತಿದ್ದ. ಕೊನೆಯ ಕಂತು ಈ ಮಾತುಗಳನ್ನು ಬಾಯಿಬಿಟ್ಟು ಒಪ್ಪುವುದಿಲ್ಲ, ಆದರೆ ಆ ಸಾವಿನ ನೆರಳಿನಲ್ಲಿ ಅವು ನಿಜವೆಂಬಂತೆ ಕೇಳಿಸುತ್ತವೆ. 'ಅವನು ಏನು ಮಾಡಿದ' ಎಂಬ ಪ್ರಶ್ನೆ ಸರಿದು 'ಅವನಿಗೆ ಏನು ಮಾಡಿದರು' ಎಂಬುದು ಬಂದು ಕೂರುತ್ತದೆ. ನಮ್ಮ ದೃಷ್ಟಿಯಲ್ಲಿ ಅದರ ದೊಡ್ಡ ದೋಷ ಇದೇ. ಬಾಂಬೆ ಹೈಕೋರ್ಟು 1999ರಲ್ಲಿ ಐದು ವರ್ಷ ಶಿಕ್ಷೆ ವಿಧಿಸಿತ್ತು. ಆತ ತೀರಿಕೊಂಡ ಮೇಲೆ 2003ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಅದನ್ನು ಎತ್ತಿಹಿಡಿದರು, ಒಬ್ಬರು ಒಪ್ಪಲಿಲ್ಲ. ಕಾನೂನಿನಲ್ಲೇ ಇಷ್ಟು ಭೇದವಿದ್ದರೆ ನಮ್ಮಂಥವರು ತೀರ್ಪು ಕೊಡುವ ಅಗತ್ಯವಿಲ್ಲ. ಮಾಡಿದ ಕೆಲಸವನ್ನು ಮಾತ್ರ ನೋಡಬಹುದು. ಒಂದು ಬ್ಯಾಂಕು ಇನ್ನೊಂದಕ್ಕೆ ಸರ್ಕಾರಿ ಸಾಲಪತ್ರ ಮಾರುವಾಗ, ಪತ್ರದ ಬದಲು ಒಂದು ರಸೀದಿ ಕೊಡುವ ರೂಢಿ ಆಗ ಇತ್ತು. ಹಿಂದೆ ಪತ್ರವೇ ಇಲ್ಲದ ರಸೀದಿಗಳು ಹುಟ್ಟಿಕೊಂಡವು. ಬ್ಯಾಂಕಿನ ಹೆಸರಿನ ಚೆಕ್ಕು ದಲ್ಲಾಳಿಯ ಖಾತೆಗೆ ಹೋಗಿ, ಅಲ್ಲಿಂದ ಷೇರುಪೇಟೆಗೆ ಹರಿಯಿತು. ಅಂದರೆ, ಇಲ್ಲದ್ದನ್ನು ಇದೆಯೆಂದು ಒಬ್ಬ ಸಹಿ ಹಾಕಿದ. ಇಡೀ ಹಗರಣದ ಬೇರು ಅಲ್ಲಿದೆ.

ಈ ಸಹಿಯ ವಿಷಯಕ್ಕೆ ಬಂದಾಗ ನಾವು ಸ್ವಲ್ಪ ತಡವರಿಸುತ್ತೇವೆ. ಹಿಂದೆ ಬೇರೊಂದು ಕಚೇರಿಯಲ್ಲಿದ್ದಾಗ, ಮಾರ್ಚ್ ತಿಂಗಳ ಕೊನೆಯ ದಿನ, ಆರು ಉಕ್ಕಿನ ಬೀರುಗಳು ಸುಸ್ಥಿತಿಯಲ್ಲಿ ಬಂದು ಮುಟ್ಟಿವೆಯೆಂದು ನಾವು ಬಿಲ್ಲಿನ ಹಿಂಬದಿಗೆ ಬರೆದು ಸಹಿ ಮಾಡಿದ್ದೆವು. ಬೀರು ಒಂದೂ ಬಂದಿರಲಿಲ್ಲ. ಸಹಿ ಮಾಡದಿದ್ದರೆ ಅನುದಾನ ವಾಪಸು ಹೋಗುತ್ತದೆ, ಎಲ್ಲ ಕಡೆಯೂ ಹೀಗೇ ನಡೆಯುವುದು ಎಂದು ಮೇಲಿನವರು ಹೇಳಿದರು. ಏಪ್ರಿಲ್ ಎರಡನೆಯ ವಾರ ಬೀರುಗಳು ಬಂದವು. ಯಾರಿಗೂ ಒಂದು ಪೈಸೆ ನಷ್ಟವಿಲ್ಲ. ಇದನ್ನು ಮನೆಯಲ್ಲಿ ಹೇಳಿದ್ದು ಈ ಧಾರಾವಾಹಿಯ ಮಾತು ನಡೆಯುತ್ತಿದ್ದಾಗಲೇ, ಮೊದಲ ಸಲ.

"ಸಾಮಾನು ಬಂತಲ್ಲ ಅಪ್ಪಾ, ಮತ್ತೇನು?" ಎಂದ ಮಗ.

ಬಂತು ನಿಜ. ಬಂದದ್ದು ಅಂಗಡಿಯವನ ಪ್ರಾಮಾಣಿಕತೆಯಿಂದ. ಅದರಲ್ಲಿ ನಮ್ಮದೇನೂ ಇರಲಿಲ್ಲ. ಬರದೇ ಹೋಗಿದ್ದರೂ ಆ ಸಹಿ ಅಷ್ಟೇ ಚೆನ್ನಾಗಿ ಕಾಣುತ್ತಿತ್ತು. ಹರ್ಷದನ ಕೊನೆಗೆ ನಮ್ಮ ಗಂಟಲು ಕಟ್ಟಿದ್ದರಲ್ಲಿ ನಮ್ಮ ಮೇಲಿನ ಕನಿಕರವೂ ಒಂದಿಷ್ಟು ಬೆರೆತಿತ್ತೋ ಏನೋ.

ಕಥೆಯ ಮೊದಲ ಕಂತು ಶುರುವಾಗುವುದು ಬೇರೆ ಥರ. ಸ್ಟೇಟ್ ಬ್ಯಾಂಕಿನ ಒಬ್ಬ ಸಾಮಾನ್ಯ ನೌಕರ, ಶರದ್ ಬಳ್ಳಾರಿ ಎಂದು ಪಾತ್ರದ ಹೆಸರು, ಹೆದರುತ್ತ ಬೆವರುತ್ತ ಪತ್ರಿಕೆಯ ಕಚೇರಿಗೆ ಬಂದು ಐನೂರು ಕೋಟಿಯ ಸುದ್ದಿ ಹೇಳುತ್ತಾನೆ. ನಮ್ಮೂರಿನ ಹೆಸರು ಹೊತ್ತವನೆಂದು ಅಂದು ಮನೆಯಲ್ಲಿ ಸಂಭ್ರಮಪಟ್ಟೆವು. ಮುಂದೆ ಕಥೆ ದಲ್ಲಾಳಿಯ ಬೆನ್ನು ಹತ್ತಿತು. ಆತನ ಗತಿ ಏನಾಯಿತೆಂದು ನಾವೂ ಕೇಳಲಿಲ್ಲ, ಹತ್ತನೆಯ ಕಂತು ಮುಗಿದಾಗಲೂ ನೆನಪಾಗಲಿಲ್ಲ. ಮೊನ್ನೆ ರಜೆಯಲ್ಲಿ ಮಗ ಮತ್ತೆ ಆ ಕೊನೆಯ ಕಂತನ್ನೇ ಹಾಕಲು ಹೊರಟ. ಬೇಡ, ಮೊದಲನೆಯದು ಹಾಕು ಎಂದೆವು. ಕಾಕಿಯೂ ಬಂದು ಕೂತರು.