ಮೊದಲು ಹಿರಿಯರನ್ನ ತೋರಿಸಿ

ತಿಪಟೂರಿನಲ್ಲಿ ನಮ್ಮ ಕಡೆಯ ಮದುವೆಗಳಿಗೆಲ್ಲ ಒಬ್ಬರೇ ಸ್ಟುಡಿಯೋದವರು ಬರುತ್ತಿದ್ದರು. ಛತ್ರಕ್ಕೆ ಕಾಲಿಟ್ಟವರೇ, ಹೆಗಲ ಚೀಲ ಇಳಿಸುವ ಮೊದಲೇ ಕೇಳುತ್ತಿದ್ದರು: "ಮೊದಲು ಮನೆ ಹಿರಿಯರನ್ನ ತೋರಿಸಿ." ಒಂದು ರೋಲಿಗೆ 36 ಪಟ. ತುದಿಯನ್ನು ಹೆಚ್ಚು ಎಳೆಯದೆ ಹುಷಾರಾಗಿ ಸುತ್ತಿ 37, ಕೆಲವೊಮ್ಮೆ 38 ತೆಗೆಯುತ್ತಿದ್ದರು. ಹಾಗೆ ಉಳಿಸಿದ ಒಂದೆರಡು ಪಟ ಉಗ್ರಾಣದ ಬಾಗಿಲಲ್ಲಿ ಕೂತ ಯಾವುದೋ ಸೋದರತ್ತೆಯ ಪಾಲಿಗೆ. ಫ್ಲ್ಯಾಶಿನ ವೈರು ಹಿಡಿದು ಅವರ ಹಿಂದೆ ಓಡಾಡುವುದೇ ಆಗ ನನಗೆ ದೊಡ್ಡ ಸಂಭ್ರಮ.

2009ರಲ್ಲಿ ಗಂಡನ ಜೊತೆ ನ್ಯೂಜೆರ್ಸಿಗೆ ಬಂದೆ. ಗಂಡನ ಕೆಲಸದ ವೀಸಾದ ಆಸರೆಯಲ್ಲಿ ಸಿಗುವ ಎಚ್-4 ವೀಸಾ ಎಂದರೆ ಏನೆಂದು ಅದರ ಮೇಲೆ ಬಂದ ಹೆಣ್ಣುಮಕ್ಕಳಿಗೆ ವಿವರಿಸಬೇಕಿಲ್ಲ: ಆಗ ಇರಬಹುದಿತ್ತು, ದುಡಿಯುವಂತಿರಲಿಲ್ಲ. ಬೇಜಾರು ಕಳೆಯಲು ಒಂದು ಹಳೇ ಕ್ಯಾಮೆರಾ ಕೊಂಡೆ. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಲ್ಲಿ ಮೂಲೆಯಲ್ಲಿ ನಿಂತು ಪಟ ತೆಗೆಯುತ್ತಿದ್ದೆ. ಬಾಡಿಗೆಗೆ ಹಿಡಿದ ಹೈಸ್ಕೂಲ್ ಸಭಾಂಗಣದ ವೇದಿಕೆ; ನಡುವೆ ಕಣ್ಣು ಕುಕ್ಕುವ ಬೆಳಕು, ಅಂಚಿನಲ್ಲಿ ಕತ್ತಲು, ಎಲ್ಲದಕ್ಕೂ ಒಂದು ಹಳದಿ ಛಾಯೆ. ಭರತನಾಟ್ಯದ ಮಕ್ಕಳ ಕೈ ಮಸುಕಾಗದಿರಲು ಶಟರ್ ವೇಗ ಎಷ್ಟಿರಬೇಕು ಎಂಬುದನ್ನು ಕಲಿತದ್ದು ಅಲ್ಲೇ. ನಾಮಕರಣ, ಸೀಮಂತಗಳಿಗೂ ಕರೆ ಬರತೊಡಗಿತು. ಅರಿಶಿನ ಕುಂಕುಮದ ಜೊತೆ ಯಾರಾದರೂ ಕವರ್ ಇಟ್ಟರೆ ವಾಪಸ್ ಕೊಟ್ಟುಬಿಡುತ್ತಿದ್ದೆ. ಕಾನೂನು ಹಾಗಿತ್ತು.

ಅಂಥದ್ದೇ ಒಂದು ಪುಕ್ಕಟೆ ಕೆಲಸ, ಪರಿಚಿತರ ಮನೆಯ ಉಪನಯನ. ಮಾತೃಭೋಜನದಲ್ಲಿ ವಟು ತಾಯಿಯ ಪಕ್ಕ ಕೂತಿದ್ದ. ಆಕೆ ಒಂದೇ ಎಲೆಯಿಂದ ತುತ್ತು ಮಾಡಿ ಕೊಡುತ್ತಿದ್ದರು, ಕಣ್ಣು ತುಂಬಿತ್ತು. ಒಳ್ಳೆಯ ಪಟಗಳು ಬಂದವು ಅಂತ ನನಗೇ ಗೊತ್ತಾಗಿತ್ತು. ರಾತ್ರಿ ಕಂಪ್ಯೂಟರಿಗೆ ಹಾಕಿದರೆ ಮೆಮೊರಿ ಕಾರ್ಡ್ ತೆರೆಯಲೇ ಇಲ್ಲ. ಎರಡನೇ ಕಾರ್ಡ್ ಹಾಕಲು ನನ್ನ ಕ್ಯಾಮೆರಾದಲ್ಲಿ ಜಾಗವೇ ಇರಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಹೇಳಿದೆ. "ಹೋಗ್ಲಿ ಬಿಡಿ, ನೀವೇನು ದುಡ್ಡು ತಗೊಂಡಿದ್ರಾ?" ಎಂದು ಆ ತಾಯಿ ನನಗೇ ಸಮಾಧಾನ ಮಾಡಿ ಕಾಫಿ ಕೊಟ್ಟರು.

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹವ್ಯಾಸಿಗೆ ಕ್ಷಮೆ ಸುಲಭವಾಗಿ ಸಿಕ್ಕಿಬಿಡುತ್ತದೆ. ನನಗೆ ಆ ಕ್ಷಮೆ ಬೇಡವಾಗಿತ್ತು. ಅವರು ನನ್ನನ್ನು ನಂಬಬೇಕಿತ್ತು, ಪಟ ಹೋದರೆ ಲೆಕ್ಕ ಕೇಳಬೇಕಿತ್ತು. ವೃತ್ತಿ ಎಂಬ ಮಾತು ನನ್ನ ತಲೆಗೆ ಬಂದದ್ದು ಕ್ಯಾಮೆರಾ ಕೈಗೆ ಬಂದ ದಿನ ಅಲ್ಲ, ಆ ಕಾಫಿ ಕುಡಿಯುವಾಗ.

2015ರ ಮೇ 26ರಂದು ನಿಯಮ ಬದಲಾಯಿತು. ಗ್ರೀನ್ ಕಾರ್ಡಿನ ಸರದಿಯಲ್ಲಿ ಇಂತಿಷ್ಟು ದೂರ ಬಂದವರ ಹೆಂಡತಿ ಅಥವಾ ಗಂಡ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದಾಯಿತು. ಆ ಪರವಾನಗಿಯ ಇಎಡಿ ಕಾರ್ಡ್ ಅಂಚೆಯಲ್ಲಿ ಬಂದ ದಿನ ದೇವರ ಮುಂದಿಟ್ಟು ಕೈಮುಗಿದೆ.

ಕಷ್ಟ ಶುರುವಾದದ್ದು ಆಮೇಲೆ. ಆರು ವರ್ಷ ಉಚಿತವಾಗಿ ಬಂದವಳು ಈಗ ಬೆಲೆ ಹೇಳುವುದು ಹೇಗೆ? "ನೀನೇನಮ್ಮ ಹೊರಗಿನವಳಾ?" ಎಂದು ಪ್ರೀತಿಯಿಂದಲೇ ಕೇಳಿದವರಿದ್ದಾರೆ. ನಿಜಕ್ಕೂ ನಾನು ಹೊರಗಿನವಳಲ್ಲ, ಅದಕ್ಕೇ ಸರಿಯಾಗಿ ಮಾಡಬೇಕು ಎಂದು ವಿವರಿಸುತ್ತಿದ್ದೆ. ಎರಡು ಕಾರ್ಡಿಗೂ ಒಟ್ಟಿಗೆ ಬರೆಯುವ ಕ್ಯಾಮೆರಾ, ಕೆಟ್ಟರೆ ಇರಲೆಂದು ಇನ್ನೊಂದು, ಹೋಟೆಲಿನವರು ಕೇಳುವ ವಿಮೆ, ಜೊತೆಗೊಬ್ಬ ಸಹಾಯಕಿ, ಮೂರು ವಾರದ ಎಡಿಟಿಂಗ್. ಕೆಲವರು ಒಪ್ಪಿದರು, ಕೆಲವರು ಮಾತೇ ಕಡಿಮೆ ಮಾಡಿದರು.

ಕೆಲಸದ ಒಳಗೂ ಕಲಿಯುವುದು ಬೇಕಾದಷ್ಟಿತ್ತು. ಕ್ಯಾಮೆರಾದ ಮೀಟರಿಗೆ ಜಗತ್ತೆಲ್ಲ ನಡುಬೂದು ಬಣ್ಣ. ಬಿಳಿ ಪಂಚೆ, ಶಲ್ಯ ತುಂಬಿದ ಚೌಕಟ್ಟನ್ನು ಅದು ಮಂಕು ಮಾಡುತ್ತದೆ. ಅದರೊಳಗಿನ ಕಪ್ಪು ಕೆನ್ನೆಯ ವರ ಇನ್ನೂ ಕಪ್ಪಾಗುತ್ತಾನೆ. ಕಪ್ಪು ಮೈಬಣ್ಣ ಪಟದಲ್ಲಿ ಸರಿಯಾಗಿ ಬಾರದ್ದಕ್ಕೆ ಬೇರೆ ಹಳೆಯ ಇತಿಹಾಸವೂ ಇದೆ. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಹೊಂದಿಸುತ್ತಿದ್ದದ್ದು ಕೊಡಕ್ ಕಳಿಸುತ್ತಿದ್ದ 'ಶರ್ಲಿ ಕಾರ್ಡ್' ನೋಡಿ. ಅದರಲ್ಲಿ ಇರುತ್ತಿದ್ದದ್ದು ಬಿಳಿಯ ಹೆಂಗಸಿನ ಮುಖ. ದಶಕಗಳ ಕಾಲ ಆ ಮುಖವೇ ಅಳತೆಗೋಲು. ನಮ್ಮವರ ಮೈಬಣ್ಣವನ್ನು ಎಡಿಟಿಂಗ್‌ನಲ್ಲಿ ಬಿಳಿ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. ಅರಿಶಿನ ಹಚ್ಚಿದ ಕಪ್ಪು ಕೆನ್ನೆಗೆ ಕಿಟಕಿಯ ಬೆಳಕು ಬಿದ್ದಾಗ ಬರುವ ಹೊಳಪನ್ನು ಕೆಡಿಸಲು ನನಗೆ ಮನಸ್ಸಾಗದು.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಮದುವೆ. ಎರಡು ವಾರ ಮುಂಚೆ ವಧುವಿನ ತಾಯಿಯನ್ನು ನಮ್ಮ ಸ್ಟುಡಿಯೋದವರ ಹಾಗೆ ಕೇಳಿದ್ದೆ, ಮನೆ ಹಿರಿಯರು ಯಾರು ಅಂತ. "ನಮ್ಮಮ್ಮ. ಸಾಗರದಲ್ಲಿದ್ದಾರೆ. ಮಂಡಿನೋವು, ಬರೋಕಾಗಲ್ಲ" ಎಂದರು. ಮುಹೂರ್ತ ಇಲ್ಲಿ ಬೆಳಗ್ಗೆ 10:40ಕ್ಕೆ, ಅಂದರೆ ಸಾಗರದಲ್ಲಿ ರಾತ್ರಿ 8:10. ಜೀರಿಗೆ ಬೆಲ್ಲದ ಕ್ಷಣ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಂತರಪಟದ ಎದುರು ಸಹಾಯಕಿಯನ್ನು ನಿಲ್ಲಿಸಿದೆ. ನಾನು ವಧುವರರಿಗೆ ಬೆನ್ನು ಮಾಡಿ, ತಾಯಿಯ ಕೈಯಲ್ಲಿದ್ದ ಫೋನಿನ ಕಡೆ ತಿರುಗಿದೆ. ಫೋನಿನ ಪರದೆ ವೇಗದ ಶಟರಿಗೆ ಪಟ್ಟೆಪಟ್ಟೆಯಾಗಿ ಬರುತ್ತದೆ. 1/60 ಸೆಕೆಂಡಿಗೆ ಇಳಿಸಿ ಉಸಿರು ಹಿಡಿದು ನಿಂತೆ.

ಪರದೆಯಲ್ಲಿ ಅಜ್ಜಿ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ತಟ್ಟೆ ತುಂಬ ಅಕ್ಷತೆ ಇಟ್ಟುಕೊಂಡು ಕೂತಿದ್ದರು. ಗಟ್ಟಿಮೇಳ ಮೊಳಗಿತು. ಅಜ್ಜಿ ಬೊಗಸೆ ತುಂಬಿ ತಮ್ಮೆದುರಿನ ಫೋನಿನ ಮೇಲೇ ಅಕ್ಷತೆ ಎರಚಿದರು. ಒಂದು ಕಾಳು ಅಲ್ಲಿನ ಲೆನ್ಸಿಗೆ ಅಂಟಿ, ಇಲ್ಲಿ ಪರದೆಯ ಮೂಲೆಯಲ್ಲಿ ದೊಡ್ಡ ಹಳದಿ ಮಚ್ಚೆಯಾಗಿ ಉಳಿಯಿತು. ಅದರ ಪಕ್ಕದಲ್ಲಿ ಅವರ ಮುಖ.

ಆಲ್ಬಮ್ಮಿನ ಮೊದಲ ಪುಟಕ್ಕೆ ವಧು ಆ ಪಟವನ್ನೇ ಹಾಕಿಸಿದಳು.