ಚಿಂತೆ ಇರುವವರ ವಿಶ್ವಾಸ

ಚಿಂತೆಯಿಂದ ನಿದ್ದೆಗೆಟ್ಟ ಕ್ರೈಸ್ತರಿಗೆ ಬಳಗದವರು ಮೊದಲು ನೆನಪಿಸುವುದು ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರದ ನಾಲ್ಕನೆಯ ಅಧ್ಯಾಯವನ್ನು. ಯಾವುದಕ್ಕೂ ಚಿಂತಿಸದೆ ಎಲ್ಲವನ್ನೂ ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿಕೊಳ್ಳಿ ಎಂಬ ಬುದ್ಧಿಮಾತು ಅಲ್ಲಿದೆ. ಮಾತು ಒಳ್ಳೆಯದೇ. ಆದರೆ ಅದನ್ನು ಹೇಳುವ ಧಾಟಿಯಲ್ಲಿ ಒಂದು ತರ್ಕ ಅಡಗಿರುತ್ತದೆ: ವಿಶ್ವಾಸವಿದ್ದಲ್ಲಿ ಚಿಂತೆ ಇರದು, ಚಿಂತೆ ಇದೆಯೆಂದರೆ ವಿಶ್ವಾಸ ಸಾಲದು. ಮಗಳ ಆಪರೇಷನ್ ನೆನೆದು ಕಂಗಾಲಾಗಿರುವ ತಾಯಿಗೆ ಇದನ್ನು ಹೇಳಿದರೆ, ಇದ್ದ ಚಿಂತೆಯ ಮೇಲೆ ಇನ್ನೊಂದನ್ನು ಹೊರಿಸಿದಂತೆ. ಈಗ ಆಕೆ ತನ್ನ ವಿಶ್ವಾಸದ ಬಗ್ಗೆಯೂ ಹೆದರಬೇಕು.

ಈ ತರ್ಕ ತಪ್ಪು ಎನ್ನಲು ಬೈಬಲಿನ ಆಚೆಗೆ ಹೋಗಬೇಕಿಲ್ಲ, ಅದೇ ಪತ್ರದ ಎರಡನೆಯ ಅಧ್ಯಾಯವೇ ಸಾಕು. ಸೆರೆಯಲ್ಲಿದ್ದ ಪೌಲನಿಗೆ ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ನೆರವು ಕಳಿಸಿತ್ತು. ಬಂದವನು ಕಾಯಿಲೆ ಬಿದ್ದು ಸಾವಿನ ಬಾಗಿಲು ತಟ್ಟಿ ಬಂದ. ಸುದ್ದಿ ಊರಿಗೆ ಮುಟ್ಟಿತು. ಮುಟ್ಟಿತೆಂದು ತಿಳಿದು, ಊರವರು ಎಷ್ಟು ನೊಂದಿದ್ದಾರೋ ಎಂದು ಅವನು ಇನ್ನಷ್ಟು ಕುಗ್ಗಿದ. ಅವನನ್ನು ಹಿಂದಕ್ಕೆ ಕಳಿಸುವ ಪೌಲ, ಇವನು ಸತ್ತಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು, ಇವನು ಊರು ಸೇರಿದರೆ ನನ್ನ ದುಗುಡವೂ ಇಳಿಯುತ್ತದೆ ಎಂಬರ್ಥದಲ್ಲಿ ಬರೆಯುತ್ತಾನೆ. ಚಿಂತಿಸಬೇಡಿ ಎಂದವನೂ ಇವನೇ. ಎರಡು ಅಧ್ಯಾಯಗಳ ಅಂತರದಲ್ಲಿ ಅವನು ತನ್ನನ್ನೇ ಮರೆತಿದ್ದಾನೆ ಎನ್ನೋಣವೇ? ನನಗೆ ಹಾಗನಿಸುವುದಿಲ್ಲ. ಹೇಳಿಕೊಳ್ಳಿ ಎನ್ನುವ ಸಲಹೆಗೆ, ಹೇಳಿಕೊಳ್ಳಲು ಏನೋ ಇದ್ದೇ ಇರುತ್ತದೆ ಎಂಬುದು ಮೊದಲ ಅಡಿಗಲ್ಲು.

ಆಕಾಶದ ಹಕ್ಕಿ, ಹೊಲದ ಹೂವುಗಳನ್ನು ತೋರಿಸಿ ಚಿಂತಿಸಬೇಡಿ ಎಂದ ಯೇಸುವಿನ ಮಾತನ್ನೂ ಹೀಗೆಯೇ ಸಂದರ್ಭದಿಂದ ಕಿತ್ತು ಬಳಸುತ್ತೇವೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಅದಕ್ಕೆ ಸ್ವಲ್ಪ ಮೊದಲು ಬರುವುದು, ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂಬ ಎಚ್ಚರಿಕೆ. ಅನ್ನ ಬಟ್ಟೆಗಳ ಹೆಸರಿನಲ್ಲಿ ಹಣ ಮನುಷ್ಯನನ್ನು ಆಳುವುದರ ವಿರುದ್ಧದ ಮಾತು ಅದು. ರಾತ್ರಿ ಎರಡು ಗಂಟೆಗೆ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವವರನ್ನು ಗದರಿಸಲು ಆಡಿದ್ದಲ್ಲ. ಸೆರೆಸಿಕ್ಕುವ ಮುನ್ನ ಗೆತ್ಸೇಮನೆ ತೋಟದಲ್ಲಂತೂ ಯೇಸುವೇ ತಳಮಳಗೊಂಡು, ನನ್ನ ಜೊತೆ ಎಚ್ಚರವಾಗಿರಿ ಎಂದು ಮೂವರು ಶಿಷ್ಯರನ್ನು ಕೇಳಿಕೊಂಡ. ಅವರು ನಿದ್ದೆಹೋದರು.

ಇಷ್ಟಾದರೂ ಆ ತರ್ಕ ಸುಲಭಕ್ಕೆ ಸಾಯುವುದಿಲ್ಲ. ಪ್ರಾರ್ಥಿಸಿದರೂ ಭಯ ಹೋಗಲಿಲ್ಲವೇ, ಹಾಗಾದರೆ ನೀನು ಸರಿಯಾಗಿ ಪ್ರಾರ್ಥಿಸಿಲ್ಲ ಎಂದುಬಿಟ್ಟರಾಯಿತು. ಯಾವ ಅನುಭವವೂ ಸುಳ್ಳಾಗಿಸಲಾರದ ಮಾತು ಅದು. ಅಂಥ ಮಾತಿಗೆ ಎದುರಾಗಿ ವಿಲಿಯಂ ಕೂಪರನ ಬದುಕನ್ನು ಇಡಬೇಕು.

1763ರಲ್ಲಿ ಈ ಇಂಗ್ಲಿಷ್ ಕವಿಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಒಂದು ಗುಮಾಸ್ತಿಕೆ ಸಿಗುವುದರಲ್ಲಿತ್ತು. ಅದಕ್ಕಾಗಿ ಎಲ್ಲರೆದುರು ಪರೀಕ್ಷೆಗೆ ನಿಲ್ಲಬೇಕೆಂಬ ಭಯದಲ್ಲೇ ಅವನು ಕುಸಿದು, ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದ. ಸೇಂಟ್ ಆಲ್ಬನ್ಸ್‌ನಲ್ಲಿ ಡಾ. ನಥಾನಿಯಲ್ ಕಾಟನ್ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ; ವಿಶ್ವಾಸ ಕಂಡುಕೊಂಡದ್ದೂ ಅಲ್ಲಿಯೇ. ಕಥೆ ಇಲ್ಲಿಗೆ ನಿಂತಿದ್ದರೆ ಒಳ್ಳೆಯ ಸಾಕ್ಷಿಯಾಗುತ್ತಿತ್ತು! ಆದರೆ 1773ರಲ್ಲಿ ಕನಸೊಂದರ ನಂತರ ದೇವರು ತನ್ನನ್ನು ಕೈಬಿಟ್ಟನೆಂಬ ನಂಬಿಕೆ ಅವನಲ್ಲಿ ಬೇರೂರಿತು. ಅವನು ಮತ್ತೆ ಚರ್ಚಿನೊಳಗೆ ಕಾಲಿಡಲಿಲ್ಲ. 1779ರಲ್ಲಿ ಪ್ರಕಟವಾದ ಓಲ್ನಿ ಗೀತೆಗಳ ಪುಸ್ತಕದಲ್ಲಿ ಅವನ ಅರವತ್ತಕ್ಕೂ ಹೆಚ್ಚು ಹಾಡುಗಳಿದ್ದವು. ಜನ ಅವುಗಳಿಂದ ಸಮಾಧಾನ ಪಡೆಯುತ್ತಿದ್ದಾಗ ಬರೆದವನು ಹೊರಗೇ ಉಳಿದಿದ್ದ. ಅವನ ಭಯ ವಿಶ್ವಾಸದ ಭಾಷೆಯನ್ನೇ ಕಲಿತು, ಅದರಲ್ಲೇ ಅವನನ್ನು ಶಪಿಸುತ್ತಿತ್ತು. ಇಂಥವನಿಗೆ ಇನ್ನಷ್ಟು ನಂಬು ಎನ್ನುವುದು ಎಣ್ಣೆ ಸುರಿದು ಬೆಂಕಿ ಆರಿಸಲು ಹೊರಟಂತೆ.

ಹಿಂದೆ ಗುಲಾಮರ ಹಡಗಿನ ಕ್ಯಾಪ್ಟನ್ ಆಗಿದ್ದ ಓಲ್ನಿಯ ಪಾದ್ರಿ ಜಾನ್ ನ್ಯೂಟನ್ ಅವನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲಿಟ್ಟುಕೊಂಡ. ಮೇರಿ ಅನ್ವಿನ್ ಎಂಬಾಕೆ ದಶಕಗಳ ಕಾಲ ನೋಡಿಕೊಂಡಳು. ಮನಸ್ಸು ಹಗುರಾಗಲೆಂದು ಕೂಪರ್ ಮೂರು ಮೊಲಗಳನ್ನು ಸಾಕಿದ. ಪಸ್, ಟೈನಿ, ಬೆಸ್ ಎಂದು ಹೆಸರಿಟ್ಟು, ಒಂದೊಂದರ ಸ್ವಭಾವವನ್ನೂ ವಿವರವಾಗಿ ಬರೆದ. ರೋಗ ಗುಣವಾಗಲಿಲ್ಲ. 1800ರವರೆಗೆ ಬದುಕಿದ.

ಧರ್ಮಸುಧಾರಕ ಲೂಥರನೂ ಒಡನಾಟದ ಈ ದಾರಿ ಬಲ್ಲವನು. 1530ರಲ್ಲಿ, ತನ್ನ ಮಕ್ಕಳಿಗೆ ಪಾಠ ಹೇಳುತ್ತಿದ್ದ ಜೆರೋಮ್ ವೆಲ್ಲರ್ ಖಿನ್ನತೆಗೆ ಬಿದ್ದಾಗ ಕೋಬುರ್ಗ್ ಕೋಟೆಯಿಂದ ಅವನಿಗೊಂದು ಕಾಗದ ಬರೆದ. ಒಬ್ಬನೇ ಕೂರಬೇಡ, ಸೈತಾನನ ಜೊತೆ ವಾದಕ್ಕಿಳಿಯಬೇಡ, ಜನರೊಡನೆ ನಗು, ಆಟವಾಡು, ಕುಡಿ ಎಂಬುದು ಅದರ ಸಾರ. ಕೊನೆಯದನ್ನು ನಮ್ಮ ಅಯ್ಯನವರು ಪ್ರಸಂಗದಲ್ಲಿ ಎತ್ತಲಾರರು, ಬಿಡಿ.

ಹಾಗಾದರೆ ಸ್ನೇಹಿತರು, ವೈದ್ಯರು, ಮೊಲಗಳೇ ಸಾಕಲ್ಲ, ದೇವರೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವಿಶ್ವಾಸವನ್ನು ಎದೆಯೊಳಗಿನ ನೆಮ್ಮದಿ ಎಂದುಕೊಂಡರೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಆ ನೆಮ್ಮದಿ ಮಾತ್ರೆಯಿಂದಲೂ ಬರುತ್ತದೆ, ಬಂದರೆ ತಪ್ಪೂ ಇಲ್ಲ. ವಿಶ್ವಾಸ ಒಂದು ಸಂಬಂಧ ಎಂದುಕೊಂಡರೆ ಮಾತು ಬೇರೆ. ಮನಸ್ಸು ಕೆಟ್ಟ ದಿನವೂ ಸಂಬಂಧ ಇರುತ್ತದೆ, ಜಗಳವಾಡುವಾಗಲೂ ಇರುತ್ತದೆ. ನಂಬುವವನ ಭಯ ನಂಬದವನ ಭಯದಷ್ಟೇ ಭಾರವಿರಬಹುದು. ನಂಬುವವನಿಗೆ ದೂರು ಕೊಡಲು ಒಬ್ಬನಿದ್ದಾನೆ ಎಂಬುದಷ್ಟೇ ವ್ಯತ್ಯಾಸ. ಕೇಳುವವನು ನಿಜಕ್ಕೂ ಇದ್ದಾನೆಂದು ಇದರಿಂದ ಸಾಬೀತಾಗದು, ಒಪ್ಪುತ್ತೇನೆ. ಆದರೆ ಆತ್ಮಿಕ ಬೆಳವಣಿಗೆಯನ್ನು ಪ್ರಶಾಂತತೆಯಿಂದ ಅಳೆಯುವುದು ತಪ್ಪೆಂದು ಇದರಿಂದ ತಿಳಿಯುತ್ತದೆ. 1844ರಲ್ಲಿ ಆತಂಕದ ಬಗ್ಗೆ ಒಂದಿಡೀ ಪುಸ್ತಕ ಬರೆದ ತತ್ತ್ವಜ್ಞಾನಿ ಕೀರ್ಕೆಗಾರ್ಡ್ ಆತಂಕವನ್ನು ಸ್ವಾತಂತ್ರ್ಯದ ಜೊತೆಗೇ ಬರುವ ತಲೆಸುತ್ತೆಂದು ಕಂಡ. ಅದನ್ನು ಸರಿಯಾಗಿ ಅನುಭವಿಸಲು ಕಲಿಯುವುದನ್ನೇ ಅವನು ದೊಡ್ಡ ವಿದ್ಯೆ ಎಂದುಕೊಂಡಿದ್ದ.

ಆ ವಿದ್ಯೆಗೆ ಪಠ್ಯ ಬೇಕೆಂದರೆ ನಾನು ಹೊಸ ಪುಸ್ತಕಗಳಿಗಿಂತ ಮೊದಲು ಬೈಬಲಿನ ಕೀರ್ತನೆಗಳನ್ನು ಸೂಚಿಸುತ್ತೇನೆ, ಅದರಲ್ಲೂ 88ನೆಯದನ್ನು. ಉಳಿದ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ಇದನ್ನು ಪ್ರತಿ ತಿಂಗಳ 17ರ ಬೆಳಗಿನ ಆರಾಧನೆಗೆ ಗೊತ್ತುಮಾಡಿದೆ. ಅಂದು ಅದನ್ನು ಓದುವವರಲ್ಲಿ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರೂ ಇರುತ್ತಾರೆ. ಆ ಮಾತು ತಮ್ಮದಲ್ಲವೆಂದು ಬಿಟ್ಟುಬಿಡುವ ಅವಕಾಶ ಅವರಿಗಿಲ್ಲ. ಪಕ್ಕದಲ್ಲಿ ಕೂತವರ ಪರವಾಗಿ ಅವರೂ ದನಿ ಎತ್ತಿ ಹೇಳಬೇಕು.