ತಪ್ಪು ಕೇಳಿದ ಮಿದುಳು

‘ಅನ್ನದ ಜೊತೆ ಛತ್ರಿ ತಿಂದೆ’ ಎಂದರೆ ಮಿದುಳು ಒಂದು ರೀತಿ ಬೆಚ್ಚುತ್ತದೆ. ‘ಅಕ್ಕ ಊರಿಗೆ ಹೋದನು’ ಎಂದರೆ ಇನ್ನೊಂದು ರೀತಿ. ಅರ್ಥ ಕೆಟ್ಟರೆ ಸುಮಾರು 400 ಮಿಲಿಸೆಕೆಂಡಿಗೆ, ವ್ಯಾಕರಣ ಕೆಟ್ಟರೆ ಸುಮಾರು 600ಕ್ಕೆ ವಿದ್ಯುತ್ ಅಲೆ ಏಳುತ್ತದೆ.

*

ವಿಭಕ್ತಿ ಎಂಬ ಹೆಸರನ್ನೇ ಕೇಳದ ಅಜ್ಜಿ ವಿಭಕ್ತಿ ತಪ್ಪುವುದಿಲ್ಲ.

*

ಅಮೆರಿಕಕ್ಕೆ ವಲಸೆ ಬಂದ 46 ಮಂದಿ ಕೊರಿಯನ್, ಚೀನೀ ಭಾಷಿಕರ ಇಂಗ್ಲಿಷ್ ವ್ಯಾಕರಣವನ್ನು ಜಾಕ್ವೆಲಿನ್ ಜಾನ್ಸನ್, ಎಲಿಸಾ ನ್ಯೂಪೋರ್ಟ್ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಏಳು ವರ್ಷದೊಳಗೆ ಬಂದವರು ಅಲ್ಲೇ ಹುಟ್ಟಿದವರಿಗೆ ಸಮನಾಗಿದ್ದರು. ದೊಡ್ಡವರಾಗಿ ಬಂದವರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಬಹಳ ಅಂತರ. ನನ್ನನ್ನು ಹಿಡಿದು ನಿಲ್ಲಿಸುವುದು ಈ ಅಂತರವೇ: ವಯಸ್ಸೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಅವರೆಲ್ಲ ಒಂದೇ ಮಟ್ಟದಲ್ಲಿ ನಿಲ್ಲಬೇಕಿತ್ತು.

*

ಸ್ಪ್ಯಾನಿಷ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಈ ವಾಕ್ಯ ಸರಿಯೋ ತಪ್ಪೋ ಎಂದು ಕೇಳಿದರೆ, ಉತ್ತರ ಹೆಚ್ಚುಕಡಿಮೆ ಊಹೆಯ ಮಟ್ಟದಲ್ಲೇ ಇತ್ತು. ಅವರ ಮಿದುಳಿನ ಅಲೆಗಳು ಮಾತ್ರ ಕೆಲವು ಬಗೆಯ ತಪ್ಪುಗಳನ್ನು ಆಗಲೇ ಗುರುತಿಸುತ್ತಿದ್ದವು. ಟೊಕೊವಿಚ್ ಮತ್ತು ಮ್ಯಾಕ್‌ವಿನ್ನಿ 2005ರಲ್ಲಿ ಪ್ರಕಟಿಸಿದ ಈ ಸಂಗತಿ ಭಾಷೆ ಕಲಿಸುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ತಡವರಿಸುವ ಬಾಯಿ ನೋಡಿ ‘ಏನೂ ತಲೆಗೆ ಹತ್ತಿಲ್ಲ’ ಎನ್ನುವುದು ಅನ್ಯಾಯ.

*

ಕನ್ನಡದಲ್ಲಿ ಕುರ್ಚಿಯೂ ಬಾಗಿಲೂ ನಪುಂಸಕ. ಹಿಂದಿಯಲ್ಲಿ ಕುರ್ಚಿ ಹೆಣ್ಣು, ಬಾಗಿಲು ಗಂಡು. ಅರ್ಥ ನೋಡಿ ಲಿಂಗ ತಿಳಿಯುವ ಅಭ್ಯಾಸವಿರುವ ಕನ್ನಡಿಗರು ಅಲ್ಲಿ ಎಡವಿದರೆ ನಾವು ನಗುವುದಿಲ್ಲ, ಅರ್ಥಮಾಡಿಕೊಳ್ಳುತ್ತೇವೆ. ಬೆಂಗಳೂರಿಗೆ ಬಂದು ಕನ್ನಡ ಕಲಿಯುವವರಿಗೂ ಅಷ್ಟೇ ತಾಳ್ಮೆ ಸಲ್ಲಬೇಕು.

*

ನರವಿಜ್ಞಾನಿ ಮೈಕೆಲ್ ಉಲ್ಮನ್ ಅವರ ವಾದ ಹೀಗಿದೆ: ತಾಯ್ನುಡಿಯ ವ್ಯಾಕರಣ ಸೈಕಲ್ ಸವಾರಿಯಂತೆ ರೂಢಿಯ ಸ್ಮೃತಿಯಲ್ಲಿ ನೆಲೆಸುತ್ತದೆ, ತಡವಾಗಿ ಕಲಿತ ನುಡಿಯದು ಮೊದಮೊದಲು ಪದಗಳನ್ನೂ ಘಟನೆಗಳನ್ನೂ ನೆನಪಿಡುವ ಸ್ಮೃತಿಯನ್ನು ಆಶ್ರಯಿಸುತ್ತದೆ. ಬಳಸುತ್ತ ಬಳಸುತ್ತ ಅದೂ ರೂಢಿಯ ಕಡೆಗೆ ಸರಿಯುತ್ತದೆ. ಬಳಸದೆ ಸರಿಯುವುದಿಲ್ಲ.

*

ಇಟಲಿಯ ಒಬ್ಬ ಮಹಿಳೆಗೆ ಮಿದುಳಿನ ಎಡಭಾಗದ ಆಳದಲ್ಲಿ ಹಾನಿಯಾಯಿತು. ಬದುಕಿಡೀ ಆಡಿದ ತನ್ನ ಪ್ರದೇಶದ ನುಡಿ ಹೋಯಿತು. ಅಪರೂಪಕ್ಕೆ ಆಡುತ್ತಿದ್ದ ಇಟಾಲಿಯನ್ ಉಳಿಯಿತು. ಅಲಿಯೋಟಿ, ಫಾಬ್ರೊ 1993ರಲ್ಲಿ ಇದನ್ನು ವರದಿ ಮಾಡಿದರು. ತೀರಾ ಆಳಕ್ಕಿಳಿದದ್ದೂ ಕಳೆದುಹೋಗಬಹುದು ಎಂಬುದು ನನಗೆ ಇಂದಿಗೂ ಅರಗದ ಮಾತು.

*

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡಿದವರಿಗೆ ಪಾರ್ಶ್ವವಾಯುವಿನಿಂದ ಮಾತು ನಿಂತರೆ, ಮೂರರಲ್ಲೂ ಮಾತಾಡಿಸಿ ನೋಡಬೇಕು. ದ್ವಿಭಾಷಿಕ ರೋಗಿಗಳಿಗೆಂದು ಮಿಶೆಲ್ ಪ್ಯಾರಡಿ ರೂಪಿಸಿದ ಪರೀಕ್ಷೆ ಕನ್ನಡದಲ್ಲೂ ಇದೆ.